ಮನೆಯ ವಿಡಿಯೊ ಟಿವಿಯಲ್ಲಿ ಸರಿಯಾಗಿ ಕಾಣಬೇಕಾದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸೇರಿದವು. ಮದುವೆ, ಉಪನಯನ, ಗೃಹಪ್ರವೇಶ, ಮಗುವಿನ ಮೊದಲ ಹೆಜ್ಜೆ ಹೀಗೆ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವ ವಿಡಿಯೊಗಳು ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತವೆ. ಅವನ್ನೇ ಪೆನ್ ಡ್ರೈವಿಗೆ ಹಾಕಿ ಸ್ಮಾರ್ಟ್ ಟಿವಿಗೆ ಸಿಕ್ಕಿಸಿದರೆ ಚಿತ್ರ ಬಂದರೆ ಧ್ವನಿ ಇಲ್ಲ, ಧ್ವನಿ ಬಂದರೆ ಚಿತ್ರವಿಲ್ಲ. ಪ್ರಶ್ನೆಗಳನ್ನು ಸ್ವಲ್ಪ ಸಂಕ್ಷೇಪಿಸಿ, ಹೆಸರುಗಳನ್ನು ಬಿಟ್ಟು, ಊರನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮದುವೆ ನಡೆದದ್ದು 2004ರಲ್ಲಿ. ಸ್ಟುಡಿಯೋದವರು ಕೊಟ್ಟ ಎರಡು ಡಿವಿಡಿಗಳಲ್ಲಿದ್ದ ಫೈಲುಗಳನ್ನು ಹಾಗೆಯೇ ಪೆನ್ ಡ್ರೈವಿಗೆ ನಕಲು ಮಾಡಿದೆ. ಟಿವಿಯಲ್ಲಿ ಕೆಲವು ಫೈಲುಗಳು ಕಾಣಿಸುವುದೇ ಇಲ್ಲ. ಕಾಣಿಸಿದವು ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ನಿಂತುಹೋಗುತ್ತವೆ. ಯಾರಾದರೂ ಕೈಯಾಡಿಸಿದರೆ ಆ ಜಾಗದಲ್ಲಿ ಅಡ್ಡಗೆರೆಗಳು ಕಾಣುತ್ತವೆ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಎಂಪಿ4 ಎಂದು ಬದಲಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. (ಮೈಸೂರು)

ಉತ್ತರ: ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲ ಪ್ರಶ್ನೆಗಳ ಬೇರೂ ಅಲ್ಲೇ ಇದೆ. ವಿಡಿಯೊ ಫೈಲು ಎಂದರೆ ಅಡುಗೆಮನೆಯ ಡಬ್ಬಿ ಇದ್ದ ಹಾಗೆ. ಎಂಪಿ4, ಎಂಕೆವಿ, ಎವಿಐ, ಎಂಒವಿ, ವಿಒಬಿ ಇವೆಲ್ಲ ಡಬ್ಬಿಗಳ ಹೆಸರುಗಳು. ಡಬ್ಬಿಯೊಳಗೆ ಚಿತ್ರವೊಂದು ಬಗೆಯಲ್ಲಿ, ಧ್ವನಿಯೊಂದು ಬಗೆಯಲ್ಲಿ ಅಡಕಗೊಂಡಿರುತ್ತವೆ. ಅಡಕ ಮಾಡುವ ಮತ್ತು ಅದನ್ನು ಬಿಡಿಸುವ ಆ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಉಪ್ಪಿನ ಡಬ್ಬಿಯ ಮೇಲೆ ಸಕ್ಕರೆ ಎಂಬ ಚೀಟಿ ಅಂಟಿಸಿದರೆ ಒಳಗಿನ ಉಪ್ಪು ಸಿಹಿಯಾಗುವುದಿಲ್ಲ. ನೀವು ಹೆಸರು ಬದಲಿಸಿದಾಗ ಆದದ್ದೂ ಅಷ್ಟೇ. ಕಂಪ್ಯೂಟರಿನಲ್ಲಿ ವಿಎಲ್‌ಸಿಯಂತಹ ಪ್ಲೇಯರು ಬಹುತೇಕ ಎಲ್ಲ ಕೋಡೆಕ್‌ಗಳನ್ನೂ ತನ್ನ ಜೊತೆಗೇ ಹೊತ್ತು ತಂದಿರುವುದರಿಂದ ಯಾವ ಡಬ್ಬಿಯನ್ನಾದರೂ ತೆರೆಯುತ್ತದೆ. ಟಿವಿಯಲ್ಲಿ ಈ ಕೆಲಸ ಮಾಡುವುದು ಒಳಗಿರುವ ಒಂದು ಚಿಪ್. ಅದು ತಯಾರಾದಾಗ ಯಾವ ಕೆಲವು ಕೋಡೆಕ್‌ಗಳನ್ನು ಬಿಡಿಸಲು ಕಲಿತಿತ್ತೋ ಅವಿಷ್ಟೇ ಅದರ ಪಾಲಿಗೆ ಲೋಕ.

ನಿಮ್ಮ ಡಿವಿಡಿಯಲ್ಲಿರುವುದು ಎಂಪೆಗ್-2 ಎಂಬ ಹಳೆಯ ಕೋಡೆಕ್. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಪ್ರಕಾರ ಚಿತ್ರದ ಅಳತೆ 720 ಅಡ್ಡ, 576 ಉದ್ದ. ಡಿವಿಡಿಯ ನಿಯಮದಂತೆ ಇಡೀ ವಿಡಿಯೊವನ್ನು ಸುಮಾರು 1 ಜಿಬಿಯ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ, ಅದಕ್ಕೇ ನಿಮ್ಮ ಟಿವಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ನಿಲ್ಲುತ್ತಿದೆ. ತುಂಡುಗಳ ಅನುಕ್ರಮ ಬೇರೊಂದು ಸಣ್ಣ ಫೈಲಿನಲ್ಲಿ ಬರೆದಿರುತ್ತದೆ. ಡಿವಿಡಿ ಪ್ಲೇಯರು ಅದನ್ನು ಓದಿಕೊಂಡು ಒಂದರ ಹಿಂದೊಂದು ತುಂಡನ್ನು ಜೋಡಿಸುತ್ತಿತ್ತು, ಟಿವಿ ಓದುವುದಿಲ್ಲ.

ಅಡ್ಡಗೆರೆಗಳ ಕಥೆ ಬೇರೆ. ಆ ಕಾಲದ ಕ್ಯಾಮೆರಾ ಒಂದು ಸೆಕೆಂಡಿಗೆ 25 ಪೂರ್ಣ ಚಿತ್ರಗಳನ್ನು ಹಿಡಿಯುತ್ತಿರಲಿಲ್ಲ. 50 ಅರ್ಧ ಚಿತ್ರಗಳನ್ನು ಹಿಡಿಯುತ್ತಿತ್ತು. ಮೊದಲು ಬೆಸ ಸಂಖ್ಯೆಯ ಸಾಲುಗಳು, ಸೆಕೆಂಡಿನ ಐವತ್ತರಲ್ಲೊಂದು ಭಾಗ ಕಳೆದ ಮೇಲೆ ಸರಿ ಸಂಖ್ಯೆಯ ಸಾಲುಗಳು. ಹಳೆಯ ಗಾಜಿನ ಟ್ಯೂಬಿನ ಟಿವಿಗಳೂ ಅದೇ ಕ್ರಮದಲ್ಲಿ ಚಿತ್ರ ಬಿಡಿಸುತ್ತಿದ್ದುದರಿಂದ ಕಣ್ಣಿಗೆ ಏನೂ ತಿಳಿಯುತ್ತಿರಲಿಲ್ಲ. ಇಂದಿನ ಪರದೆ ಎರಡೂ ಅರ್ಧಗಳನ್ನು ಒಟ್ಟಿಗೇ ತೋರಿಸುತ್ತದೆ. ಮಂಟಪದಲ್ಲಿ ನಿಮ್ಮ ಅಮ್ಮ ಅಕ್ಷತೆ ಹಾಕಲು ಕೈ ಎತ್ತಿದ ಗಳಿಗೆಯಲ್ಲಿ ವಿಡಿಯೊ ನಿಲ್ಲಿಸಿ ನೋಡಿ: ಮುಖ, ಸೀರೆ, ಹಿಂದಿನ ಬಾಳೆಕಂಬ ಎಲ್ಲವೂ ಸ್ವಚ್ಛವಾಗಿರುತ್ತವೆ, ಬೆರಳುಗಳ ಅಂಚು ಮಾತ್ರ ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಬೆಸ ಸಾಲುಗಳಲ್ಲಿ ಕೈ ಒಂದು ಕಡೆ, ಸರಿ ಸಾಲುಗಳಲ್ಲಿ ಇನ್ನೊಂದು ಕಡೆ ಇರುವುದೇ ಕಾರಣ. ಇದು ಡಿಸ್ಕಿನ ದೋಷವೂ ಅಲ್ಲ, ಸ್ಟುಡಿಯೋದವರ ತಪ್ಪೂ ಅಲ್ಲ.

ಪರಿಹಾರಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಸಾಕು. ಡಿವಿಡಿಯನ್ನೇ ಕಂಪ್ಯೂಟರಿಗೆ ಹಾಕಿ, ಅಥವಾ ಅದರಲ್ಲಿರುವ ‘ವಿಡಿಯೊ ಟಿಎಸ್’ ಎಂಬ ಫೋಲ್ಡರನ್ನು ಪೂರ್ತಿಯಾಗಿ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ಫೋಲ್ಡರನ್ನು ಹ್ಯಾಂಡ್‌ಬ್ರೇಕಿಗೆ ತೋರಿಸಿ. ಬಿಡಿ ತುಂಡುಗಳನ್ನು ಒಂದೊಂದಾಗಿ ತೋರಿಸಬೇಡಿ. ಫೋಲ್ಡರನ್ನು ತೋರಿಸಿದರೆ ತುಂಡುಗಳನ್ನು ಅನುಕ್ರಮವಾಗಿ ಜೋಡಿಸುವ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಸಿದ್ಧ ಆಯ್ಕೆಗಳ ಪಟ್ಟಿಯಲ್ಲಿ ‘ಫಾಸ್ಟ್ 576ಪಿ25’ ಎಂಬುದನ್ನು ಆರಿಸಿಕೊಂಡು ಅಲ್ಲಿಂದ ಮುಂದೆ ಮೂರು ನಾಲ್ಕು ಕಡೆ ಮಾತ್ರ ಕೈಯಾಡಿಸಿ. ಡಬ್ಬಿ ಎಂಪಿ4 ಇರಲಿ. ಚಿತ್ರದ ಕೋಡೆಕ್ ಎಚ್.264 ಇರಲಿ, 2003ರಲ್ಲಿ ರೂಪುಗೊಂಡ ಈ ಕೋಡೆಕ್ಕನ್ನು ಇಂದು ಅಂಗಡಿಯಲ್ಲಿ ಸಿಗುವ ಯಾವ ಸ್ಮಾರ್ಟ್ ಟಿವಿಯೂ ಬಿಡಿಸುತ್ತದೆ. ಅದೇ ಪಟ್ಟಿಯಲ್ಲಿ 10 ಬಿಟ್ ಎಂದು ಬರೆದಿರುವ ಎಚ್.264 ಕೂಡ ಇರುತ್ತದೆ, ಅದನ್ನು ಮುಟ್ಟಬೇಡಿ. ಬಹುಪಾಲು ಟಿವಿ ಚಿಪ್‌ಗಳು ಅದನ್ನು ಬಿಡಿಸಲಾರವು. ಧ್ವನಿ ಎಎಸಿ, ಸ್ಟೀರಿಯೊ, 160 ಕಿಲೋಬಿಟ್ ಇದ್ದರೆ ಮನೆಯ ವಿಡಿಯೊಗೆ ಧಾರಾಳವಾಯಿತು.

ಫಿಲ್ಟರ್‌ಗಳ ಪುಟದಲ್ಲಿ ಡಿಇಂಟರ್ಲೇಸ್ ಎಂಬಲ್ಲಿ ‘ಬಿಡಬ್ಲ್ಯೂಡಿಫ್’ ಆರಿಸಿ, ಅದರ ಪಕ್ಕದ ಆಯ್ಕೆಯನ್ನು ‘ಬಾಬ್’ ಎಂದು ಇಡಿ, ಆಮೇಲೆ ವಿಡಿಯೊ ಪುಟದಲ್ಲಿ ಫ್ರೇಮ್ ರೇಟನ್ನು 25ರ ಬದಲು 50 ಎಂದು ನಿಗದಿಪಡಿಸಿ. ಹೀಗೆ ಮಾಡಿದಾಗ ಪ್ರತಿ ಅರ್ಧ ಚಿತ್ರವೂ ಒಂದು ಪೂರ್ಣ ಚಿತ್ರವಾಗುತ್ತದೆ, ಬಾಚಣಿಗೆಯ ಹಲ್ಲು ಮಾಯವಾಗುತ್ತದೆ, ಕ್ಯಾಮೆರಾ ಸಭಾಂಗಣದ ಉದ್ದಕ್ಕೂ ತಿರುಗುವಾಗ ಚಿತ್ರ ನೀರಿನಂತೆ ಸರಿಯುತ್ತದೆ. ಸಾಮಾನ್ಯವಾಗಿ ಎಲ್ಲರೂ 25ಕ್ಕೇ ಬಿಟ್ಟುಬಿಡುತ್ತಾರೆ. ಆಗ ಗೆರೆ ಹೋಗುತ್ತದೆ ನಿಜ, ಜೊತೆಗೆ ಚಲನೆಯ ಅರ್ಧ ಭಾಗವೂ ಹೋಗುತ್ತದೆ. ನಾನು ಎರಡೂ ಬಗೆಯಲ್ಲಿ ಮಾಡಿ ಪಕ್ಕಪಕ್ಕದಲ್ಲಿ ನೋಡಿದ್ದೇನೆ. ವ್ಯತ್ಯಾಸ ದೊಡ್ಡದು.

ಗುಣಮಟ್ಟವನ್ನು ‘ಆರ್‌ಎಫ್’ ಎಂಬ ಸಂಖ್ಯೆಯಿಂದ ಹೇಳುತ್ತಾರೆ, ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ ಎಂಬುದು ನೆನಪಿರಲಿ. ಡಿವಿಡಿಯಂತಹ ಸಣ್ಣ ಅಳತೆಯ ಚಿತ್ರಕ್ಕೆ 18ರಿಂದ 22, ಫುಲ್ ಎಚ್‌ಡಿಗೆ 20ರಿಂದ 24 ಎಂಬುದು ಒಪ್ಪಿತವಾದ ವ್ಯಾಪ್ತಿ. ಮದುವೆಯ ವಿಡಿಯೊ ಮತ್ತೆ ಸಿಗುವಂಥದ್ದಲ್ಲವಾದ್ದರಿಂದ 18 ಇಡಿ ಎಂಬುದು ನನ್ನ ಸಲಹೆ.

ಅಳತೆಯನ್ನು 1080ಕ್ಕೆ ಹಿಗ್ಗಿಸಲು ಹೋಗಬೇಡಿ. ಇಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ, ಫೈಲು ಮಾತ್ರ ದಪ್ಪವಾಗುತ್ತದೆ; ಹಿಗ್ಗಿಸಿ ತೋರಿಸುವ ಕೆಲಸವನ್ನು ಟಿವಿ ತಾನೇ ಮಾಡಿಕೊಳ್ಳುತ್ತದೆ. ಅಂತೆಯೇ 4:3ರ ಹಳೆಯ ಚೌಕ ಚಿತ್ರವನ್ನು ಪರದೆ ತುಂಬುವಂತೆ ಎಳೆಯಬೇಡಿ. ಈ ತಪ್ಪನ್ನು ನಾನೇ ಮಾಡಿದ್ದೇನೆ. ನಮ್ಮಕ್ಕನ ಮದುವೆಯ ಕ್ಯಾಸೆಟ್ಟನ್ನು ಪರಿವರ್ತಿಸುವಾಗ ಎರಡು ಬದಿಯ ಕಪ್ಪು ಪಟ್ಟಿ ಚೆನ್ನಾಗಿ ಕಾಣುವುದಿಲ್ಲವೆಂದು ಚಿತ್ರವನ್ನು ಅಡ್ಡಕ್ಕೆ ಎಳೆದು ಉಳಿಸಿದೆ, ಕ್ಯಾಸೆಟ್ಟನ್ನು ಬಿಸಾಡಿಬಿಟ್ಟೆ. ಧಾರೆ ಎರೆಯುವ ಹೊತ್ತಿನಲ್ಲಿ ತಲೆ ತಗ್ಗಿಸಿ ನಿಂತ ಅಪ್ಪನ ತೆಳ್ಳನೆಯ ಮುಖ ಆ ವಿಡಿಯೊದಲ್ಲಿ ಅಗಲವಾಗಿ, ಬೇರೆ ಯಾರದೋ ಎಂಬಂತೆ ಕಾಣುತ್ತದೆ. ಅಡ್ಡಕ್ಕೆ ಎಳೆದದ್ದನ್ನು ಮತ್ತೆ ಕುಗ್ಗಿಸಿ ಸರಿಪಡಿಸಿಕೊಂಡೆನಾದರೂ ಎರಡನೆಯ ಸಲ ಅಡಕಗೊಳಿಸಿದ ಚಿತ್ರ ಮೊದಲಿನಷ್ಟು ಸ್ಫುಟವಾಗಿ ಉಳಿಯಲಿಲ್ಲ. ಆದ್ದರಿಂದ ಕೈಮುಗಿದು ಹೇಳುತ್ತೇನೆ: ಟಿವಿಗಾಗಿ ಮಾಡುವುದು ನಕಲು, ಡಿವಿಡಿಯನ್ನಾಗಲಿ, ಅದರಿಂದ ತೆಗೆದ ಫೋಲ್ಡರನ್ನಾಗಲಿ ಅಳಿಸಬೇಡಿ. ಸ್ಟುಡಿಯೋಗಳು ಬರೆದುಕೊಡುವ ಡಿಸ್ಕುಗಳಲ್ಲಿ ಮಾಹಿತಿ ಕೂರುವುದು ಒಂದು ಬಣ್ಣದ ಪದರದ ಮೇಲೆ. ಅದು ಬಿಸಿಲು, ಶಾಖ, ತೇವಕ್ಕೆ ಕಾಲಕ್ರಮೇಣ ಕೆಡುತ್ತದೆ. ಇಪ್ಪತ್ತು ವರ್ಷ ದಾಟಿದ ಡಿಸ್ಕು ಇಂದು ಓದಿಸಿಕೊಳ್ಳುತ್ತಿದ್ದರೆ ಅದು ನಿಮ್ಮ ಪುಣ್ಯ. ಫೋಲ್ಡರನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ಇಂದೇ ನಕಲು ಮಾಡಿ, ಪರಿವರ್ತನೆಯನ್ನು ನಾಳೆ ಮಾಡಿದರೂ ನಡೆಯುತ್ತದೆ.

ಎರಡೂ ಡಿಸ್ಕುಗಳನ್ನು ಒಟ್ಟಿಗೆ ಪರಿವರ್ತಿಸಲು ಕೂರುವ ಮುನ್ನ, ಹ್ಯಾಂಡ್‌ಬ್ರೇಕಿನಲ್ಲಿ ವ್ಯಾಪ್ತಿ ಎಂಬಲ್ಲಿ ಸೆಕೆಂಡುಗಳನ್ನು ಆರಿಸಿ, ಜನ ಓಡಾಡುತ್ತಿರುವ ಒಂದು ನಿಮಿಷದ ಭಾಗವನ್ನಷ್ಟೇ ಪರಿವರ್ತಿಸಿ, ನಿಮ್ಮ ಟಿವಿಯಲ್ಲೇ ಹಾಕಿ ನೋಡಿ. ಮೂರು ಗಂಟೆ ಕಂಪ್ಯೂಟರು ಓಡಿದ ಮೇಲೆ ತಪ್ಪು ತಿಳಿಯುವುದಕ್ಕಿಂತ ಇದು ಲೇಸು.

ಪ್ರಶ್ನೆ: ಮಗ ಐಫೋನಿನಲ್ಲಿ ಮೊಮ್ಮಗಳ ನಾಮಕರಣವನ್ನು ಚಿತ್ರೀಕರಿಸಿದ್ದಾನೆ. ನಮ್ಮ ಎಂಟು ವರ್ಷ ಹಳೆಯ ಟಿವಿಯಲ್ಲಿ ಧ್ವನಿ ಮಾತ್ರ ಕೇಳಿಸುತ್ತದೆ, ಪರದೆ ಕಪ್ಪು. ಸೊಸೆಯ ಬೇರೆ ಕಂಪನಿಯ ಫೋನಿನಲ್ಲಿ ತೆಗೆದದ್ದು ಕಾಣಿಸುತ್ತದೆ, ಆದರೆ ನಿಂತವರೆಲ್ಲ ಅಡ್ಡಡ್ಡ ಮಲಗಿದಂತೆ ಕಾಣುತ್ತಾರೆ. (ದಾವಣಗೆರೆ)

ಉತ್ತರ: ಧ್ವನಿ ಬಂದು ಚಿತ್ರ ಬರದಿದ್ದರೆ ಡಬ್ಬಿಯನ್ನು ಟಿವಿ ತೆರೆದಿದೆ, ಧ್ವನಿಯ ಕೋಡೆಕ್ ಅದಕ್ಕೆ ಗೊತ್ತು, ಚಿತ್ರದ್ದು ಗೊತ್ತಿಲ್ಲ ಎಂದು ತಿಳಿಯಬೇಕು. 2017ರಲ್ಲಿ ಬಂದ ಐಒಎಸ್ 11ರಿಂದೀಚೆಗೆ ಐಫೋನುಗಳು ಎಚ್‌ಇವಿಸಿ ಎಂಬ ಹೊಸ ಕೋಡೆಕ್ಕಿನಲ್ಲಿ ಚಿತ್ರೀಕರಿಸುತ್ತವೆ, ಎಚ್.265 ಎಂಬುದೂ ಅದರದೇ ಹೆಸರು. ಕಡಿಮೆ ಜಾಗದಲ್ಲಿ ಅದೇ ಗುಣಮಟ್ಟ ಹಿಡಿಸುವುದು ಅದರ ಹೆಚ್ಚುಗಾರಿಕೆ. 4ಕೆ ಟಿವಿಗಳಲ್ಲಿ ಬಹುತೇಕ ಎಲ್ಲವೂ ಅದನ್ನು ಬಿಡಿಸುತ್ತವೆ, ಹಳೆಯ ಎಚ್‌ಡಿ ಟಿವಿಗಳಲ್ಲಿ ಹಲವಕ್ಕೆ ಆ ಶಕ್ತಿಯಿಲ್ಲ. ಮುಂದಿನ ಸಮಾರಂಭಕ್ಕೆ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್ ತೆರೆದು ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಲು ಮಗನಿಗೆ ಹೇಳಿ. ಆಗ ಫೋನು ಎಚ್.264ರಲ್ಲೇ ಚಿತ್ರೀಕರಿಸುತ್ತದೆ. ಅಲ್ಲೇ ರೆಕಾರ್ಡ್ ವಿಡಿಯೊ ವಿಭಾಗದಲ್ಲಿ ಎಚ್‌ಡಿಆರ್ ವಿಡಿಯೊ ಎಂಬುದು ಕಂಡರೆ ಅದನ್ನು ಆಫ್ ಮಾಡಿಬಿಡುವುದು ಒಳ್ಳೆಯದು. ಎಚ್‌ಡಿಆರ್‌ನಲ್ಲಿ ತೆಗೆದ ವಿಡಿಯೊವನ್ನು ಹಾಗೆಯೇ ಸಾಮಾನ್ಯ ವಿಡಿಯೊ ಮಾಡಲು ಹೋದರೆ ರೇಷ್ಮೆ ಸೀರೆಯ ಕೆಂಪು ಒಗೆದು ಒಗೆದು ಮಾಸಿದ ಹಾಗೆ ಬರುವುದುಂಟು.

ಈಗಾಗಲೇ ತೆಗೆದಿರುವುದನ್ನು ಹ್ಯಾಂಡ್‌ಬ್ರೇಕಿನಲ್ಲಿ ‘ಫಾಸ್ಟ್ 1080ಪಿ30’ ಆಯ್ಕೆಯಿಂದ ಪರಿವರ್ತಿಸಬಹುದು. ಫೋನುಗಳು ಬೆಳಕು ಕಡಿಮೆಯಾದಾಗ ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ಲೆಕ್ಕವನ್ನು ಬಿಟ್ಟು ಹೆಚ್ಚುಕಡಿಮೆ ಮಾಡುವುದರಿಂದ, ಫ್ರೇಮ್ ರೇಟಿನ ಕೆಳಗೆ ‘ಕಾನ್‌ಸ್ಟಂಟ್’ ಎಂಬುದನ್ನು ಆರಿಸಿ. ಇಲ್ಲವಾದರೆ ಕೆಲವು ಟಿವಿಗಳಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ.

ಸೊಸೆಯ ಫೋನಿನ ವಿಷಯದಲ್ಲಿ ನಿಜವಾದ ದೋಷವೇನೂ ಇಲ್ಲ. ಫೋನನ್ನು ನೆಟ್ಟಗೆ ಹಿಡಿದರೂ ಒಳಗಿನ ಸೆನ್ಸರು ಅಡ್ಡಲಾಗಿಯೇ ಚಿತ್ರ ಹಿಡಿಯುತ್ತದೆ, ಜೊತೆಗೆ ‘ತೋರಿಸುವಾಗ 90 ಡಿಗ್ರಿ ತಿರುಗಿಸಿ’ ಎಂಬ ಚೀಟಿಯೊಂದನ್ನು ಫೈಲಿನಲ್ಲಿ ಬರೆದಿಡುತ್ತದೆ. ನಿಮ್ಮ ಟಿವಿ ಆ ಚೀಟಿಯನ್ನು ಓದುತ್ತಿಲ್ಲ, ಅಷ್ಟೇ. ಹ್ಯಾಂಡ್‌ಬ್ರೇಕ್ ಅದನ್ನು ಓದಿ ಚಿತ್ರವನ್ನೇ ತಿರುಗಿಸಿ ಬರೆಯುವುದರಿಂದ ಪರಿವರ್ತಿಸಿದ ಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಮಗ ಈ ವಿಡಿಯೊಗಳನ್ನು ವಾಟ್ಸ್ಆ್ಯಪ್ ಮೂಲಕ ಕಳಿಸಿದ್ದರೆ ಅವು ಆಗಲೇ ಹಿಂಡಿ ಹಿಪ್ಪೆಯಾಗಿರುತ್ತವೆ. ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿದರೆ ಮೂಲ ಫೈಲೇ 2 ಜಿಬಿಯವರೆಗೆ ಹಾಗೆಯೇ ತಲುಪುತ್ತದೆ.

ಪ್ರಶ್ನೆ: 64 ಜಿಬಿಯ ಪೆನ್ ಡ್ರೈವಿನಲ್ಲಿ 50 ಜಿಬಿ ಖಾಲಿ ಇದ್ದರೂ 6 ಜಿಬಿಯ ಒಂದು ಫೈಲನ್ನು ಹಾಕಲು ಹೋದರೆ ಫೈಲು ತೀರ ದೊಡ್ಡದು ಎಂದು ಕಂಪ್ಯೂಟರು ಹೇಳುತ್ತದೆ. (ರಾಯಚೂರು)

ಉತ್ತರ: ಆ ಪೆನ್ ಡ್ರೈವ್ ಫ್ಯಾಟ್32 ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಯಾವ ಒಂದು ಫೈಲೂ 4 ಜಿಬಿ ಮೀರುವಂತಿಲ್ಲ, ಎಷ್ಟೇ ಜಾಗ ಖಾಲಿ ಇರಲಿ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಈ ಮಿತಿ ಹೋಗುತ್ತದೆ, ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುವುದರಿಂದ ಮೊದಲು ನಕಲು ತೆಗೆದಿಟ್ಟುಕೊಳ್ಳಿ. ಎರಡರಲ್ಲಿ ಯಾವುದನ್ನು ನಿಮ್ಮ ಟಿವಿ ಓದುತ್ತದೆ ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಹಳೆಯ ಟಿವಿಯಾಗಿದ್ದು ಫ್ಯಾಟ್32 ಒಂದನ್ನೇ ಓದುವುದಾದರೆ ಫೈಲನ್ನು ಚಿಕ್ಕದಾಗಿಸಬೇಕು. ಲೆಕ್ಕ ಸುಲಭ: ಸೆಕೆಂಡಿಗೆ 8 ಮೆಗಾಬಿಟ್ ಎಂದರೆ ಸೆಕೆಂಡಿಗೆ 1 ಮೆಗಾಬೈಟ್, ಗಂಟೆಗೆ 3,600 ಸೆಕೆಂಡು, ಹಾಗಾಗಿ ಗಂಟೆಗೆ 3.6 ಜಿಬಿ. ಮೂರು ಗಂಟೆಯ ಸಮಾರಂಭವನ್ನು ಒಂದೊಂದು ಗಂಟೆಯ ಮೂರು ಫೈಲುಗಳಾಗಿ ಮಾಡಿ 01, 02, 03 ಎಂದು ಹೆಸರಿಟ್ಟರೆ ಟಿವಿ ಅವನ್ನು ಸರದಿಯಲ್ಲೇ ತೋರಿಸುತ್ತದೆ.

ಪ್ರಶ್ನೆ: ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವವರು ಪ್ರತಿ ಗಂಟೆಗೆ 13 ಜಿಬಿಯಷ್ಟು ದೊಡ್ಡ ಎವಿಐ ಫೈಲುಗಳನ್ನು ಕೊಟ್ಟಿದ್ದಾರೆ. ಟಿವಿ ಅವನ್ನು ಮುಟ್ಟುವುದೂ ಇಲ್ಲ. ಚಿಕ್ಕದು ಮಾಡಿ ದೊಡ್ಡದನ್ನು ಅಳಿಸಬಹುದೇ? (ಹುಬ್ಬಳ್ಳಿ)

ಉತ್ತರ: ದಯವಿಟ್ಟು ಅಳಿಸಬೇಡಿ. ಗಂಟೆಗೆ 13 ಜಿಬಿ ಎಂದರೆ ಅದು ಡಿವಿ ಎಂಬ ಕೋಡೆಕ್ ಎಂಬುದು ಬಹುತೇಕ ಖಚಿತ. ಅದರಲ್ಲಿ ಚಿತ್ರಕ್ಕೇ ಸೆಕೆಂಡಿಗೆ 25 ಮೆಗಾಬಿಟ್ ಖರ್ಚಾಗುತ್ತದೆ ಮತ್ತು ಪ್ರತಿಯೊಂದು ಚಿತ್ರವೂ ಅಕ್ಕಪಕ್ಕದ ಚಿತ್ರಗಳ ಹಂಗಿಲ್ಲದೆ ಬಿಡಿಬಿಡಿಯಾಗಿ ಉಳಿದಿರುತ್ತದೆ. ನಿಮಗೆ ಇಳಿಸಿಕೊಟ್ಟವರು ಕೆಲಸ ಬಲ್ಲವರು. ಕ್ಯಾಸೆಟ್ಟಿನ ಕಾಂತೀಯ ಪದರ ವರ್ಷದಿಂದ ವರ್ಷಕ್ಕೆ ಸವೆಯುತ್ತಿರುವುದರಿಂದ ಇನ್ನು ಮುಂದೆ ಈ ಫೈಲೇ ನಿಮ್ಮ ಮೂಲಪ್ರತಿ. ಟಿವಿಗೆ ಬೇಕಾದ ಎಂಪಿ4 ನಕಲನ್ನು ಮೈಸೂರಿನ ಓದುಗರಿಗೆ ಹೇಳಿದ ಕ್ರಮದಲ್ಲೇ ಮಾಡಿಕೊಳ್ಳಿ, ಕ್ಯಾಸೆಟ್ಟೂ ಅರ್ಧ ಚಿತ್ರಗಳ ಪದ್ಧತಿಯದೇ ಆದ್ದರಿಂದ ಆ ಬಾಚಣಿಗೆ ಇಲ್ಲೂ ಇದೆ. ಕೆಳ ಅಂಚಿನಲ್ಲಿ ಕದಲುವ ಒಂದು ಹರುಕು ಪಟ್ಟಿ ಕಂಡರೆ ಗಾಬರಿ ಬೇಡ. ಅದು ಕ್ಯಾಸೆಟ್ಟಿನ ಸಹಜ ಗುಣ, ಹಳೆಯ ಟಿವಿಗಳು ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದವು. ನಕಲು ಮಾಡುವಾಗ ಕೆಳಗಿನ ಎಂಟು ಹತ್ತು ಸಾಲುಗಳನ್ನು ಕತ್ತರಿಸಿದರೆ ಸಾಕು.

ಪ್ರಶ್ನೆ: ಕ್ಯಾಮೆರಾದಿಂದ ಬಂದ ಎಂಒವಿ ಫೈಲುಗಳಲ್ಲಿ ಟಿವಿಯಲ್ಲಿ ಚಿತ್ರ ಬಹಳ ಚೆನ್ನಾಗಿದೆ, ಧ್ವನಿ ಮಾತ್ರ ಇಲ್ಲವೇ ಇಲ್ಲ. ಇಂಥವು ನೂರಾರು ಇವೆ. ಎಲ್ಲವನ್ನೂ ಹೊಸದಾಗಿ ಪರಿವರ್ತಿಸಬೇಕೇ? (ಮಂಗಳೂರು)

ಉತ್ತರ: ಬೇಡ, ಅದು ವ್ಯರ್ಥ ಶ್ರಮ, ಚಿತ್ರದ ಗುಣಮಟ್ಟಕ್ಕೂ ಹಾನಿ. ಮೊದಲು ಒಳಗೆ ಏನಿದೆ ಎಂದು ನೋಡಿಕೊಳ್ಳಿ. ಮೀಡಿಯಾಇನ್ಫೊ ಎಂಬ ಸಣ್ಣ ಉಚಿತ ತಂತ್ರಾಂಶಕ್ಕೆ ಫೈಲನ್ನು ಎಳೆದು ಹಾಕಿದರೆ ಡಬ್ಬಿ, ಚಿತ್ರದ ಕೋಡೆಕ್, ಧ್ವನಿಯ ಕೋಡೆಕ್ ಎಲ್ಲವನ್ನೂ ಪಟ್ಟಿ ಮಾಡಿ ಹೇಳುತ್ತದೆ. ಚಿತ್ರ ಎಚ್.264, ಧ್ವನಿ ಪಿಸಿಎಂ ಎಂದು ಅಲ್ಲಿ ಕಾಣುತ್ತದೆ ಎಂಬುದು ನನ್ನ ಊಹೆ. ಪಿಸಿಎಂ ಎಂದರೆ ಹಿಂಡದೆ ಹಾಗೆಯೇ ಇಟ್ಟ ಧ್ವನಿ, ಈ ಡಬ್ಬಿಯಲ್ಲಿ ಅದಿದ್ದರೆ ಕೆಲವು ಟಿವಿಗಳು ಅದನ್ನು ಎತ್ತಿಕೊಳ್ಳುವುದಿಲ್ಲ. ಹೀಗಿರುವಾಗ ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ ಬದಲಿಸಬೇಕು. ಹ್ಯಾಂಡ್‌ಬ್ರೇಕಿಗೆ ಇದು ಬರುವುದಿಲ್ಲ, ಅದು ಯಾವಾಗಲೂ ಚಿತ್ರವನ್ನು ಹೊಸದಾಗಿಯೇ ಅಡಕಗೊಳಿಸುತ್ತದೆ. ಎವಿಡೆಮಕ್ಸ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ವಿಡಿಯೊ ಔಟ್‌ಪುಟ್ ಎಂಬಲ್ಲಿ ‘ಕಾಪಿ’, ಆಡಿಯೊ ಔಟ್‌ಪುಟ್ ಎಂಬಲ್ಲಿ ‘ಎಎಸಿ’, ಕೊನೆಯ ಆಯ್ಕೆಯಲ್ಲಿ ‘ಎಂಪಿ4 ಮಕ್ಸರ್’ ಎಂದಿಟ್ಟು ಉಳಿಸಿ. ಗಂಟೆಗಟ್ಟಲೆ ಹಿಡಿಯುವ ಕೆಲಸ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಚಿತ್ರದ ಒಂದು ಚುಕ್ಕಿಯೂ ಬದಲಾಗುವುದಿಲ್ಲ. ಟಿವಿ ಒಪ್ಪುವ ಕೋಡೆಕ್ ಒಳಗಿದ್ದು ಡಬ್ಬಿ ಮಾತ್ರ ಬೇರೆಯಾಗಿದ್ದಾಗಲೂ ಇದೇ ದಾರಿ. ಎರಡನ್ನೂ ‘ಕಾಪಿ’ ಎಂದಿಟ್ಟು ಎಂಪಿ4 ಡಬ್ಬಿಗೆ ಸುರಿದುಕೊಂಡರಾಯಿತು.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳಿಗೆ ಮದುವೆಯ ಡಿವಿಡಿ ಕಳಿಸಿದೆವು, ಅಲ್ಲಿನ ಪ್ಲೇಯರಿನಲ್ಲಿ ಓಡಲಿಲ್ಲ. ಎಂಪಿ4 ಮಾಡಿ ಕಳಿಸಿದರೆ ಅಲ್ಲಿನ ಟಿವಿಯಲ್ಲಿ ಓಡುತ್ತದೆಯೇ? (ತುಮಕೂರು)

ಉತ್ತರ: ಓಡುತ್ತದೆ. ನಮ್ಮದು ಪಾಲ್, ಅಲ್ಲಿನದು ಎನ್‌ಟಿಎಸ್‌ಸಿ ಪದ್ಧತಿಯಾದ್ದರಿಂದ ಡಿವಿಡಿ ಪ್ಲೇಯರು ನಿರಾಕರಿಸಿತು. ಎಂಪಿ4 ಫೈಲಿಗೆ ಆ ಗಡಿ ಇಲ್ಲ. ಅಲ್ಲಿನ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದರಿಂದ ನಮ್ಮ 25 ಅಥವಾ 50ರ ಲೆಕ್ಕ ಸಮನಾಗಿ ಹೊಂದದೆ, ಕ್ಯಾಮೆರಾ ತಿರುಗುವಾಗ ತುಸು ತಡವರಿಸಿದಂತೆ ಕಾಣಬಹುದು. ಅದನ್ನು ಸರಿಪಡಿಸಲೆಂದು ನೀವೇ 30ಕ್ಕೆ ಬದಲಿಸಿದರೆ ಆ ತಡವರಿಕೆ ಫೈಲಿನಲ್ಲೇ ಶಾಶ್ವತವಾಗಿ ಕೂರುತ್ತದೆ, ಹಾಗಾಗಿ ಇದ್ದಂತೆಯೇ ಕಳಿಸಿ.

ಪ್ರಶ್ನೆ: ತಮ್ಮನ ಮಗನ ಉಪನಯನವನ್ನು ಚಿತ್ರೀಕರಿಸುತ್ತಿದ್ದಾಗ ಬ್ರಹ್ಮೋಪದೇಶದ ನಡುವೆಯೇ ಕ್ಯಾಮೆರಾದ ಬ್ಯಾಟರಿ ಬಿದ್ದುಹೋಯಿತು. 3 ಜಿಬಿಯ ಫೈಲು ಕಾರ್ಡಿನಲ್ಲಿದೆ, ಆದರೆ ಟಿವಿಯಲ್ಲೂ ಕಂಪ್ಯೂಟರಿನಲ್ಲೂ ತೆರೆಯುತ್ತಿಲ್ಲ. (ಉಡುಪಿ)

ಉತ್ತರ: ಮೊದಲ ಮಾತು, ಆ ಕಾರ್ಡಿನಲ್ಲಿ ಇನ್ನೇನನ್ನೂ ಚಿತ್ರೀಕರಿಸಬೇಡಿ. 3 ಜಿಬಿ ತೋರಿಸುತ್ತಿದೆ ಎಂದರೆ ಚಿತ್ರ, ಧ್ವನಿ ಒಳಗಿವೆ; ಇಲ್ಲದಿರುವುದು ಅನುಕ್ರಮಣಿಕೆ. ಎಂಪಿ4 ಮತ್ತು ಎಂಒವಿ ಡಬ್ಬಿಗಳಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಚಿತ್ರೀಕರಣ ನಿಲ್ಲಿಸಿದಾಗ ಬರೆಯುತ್ತದೆ, ಬ್ಯಾಟರಿ ಮಧ್ಯದಲ್ಲೇ ಸತ್ತರೆ ಆ ಪಟ್ಟಿ ಬರೆಯುವುದೇ ಇಲ್ಲ. ಕಾರ್ಡಿನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿಕೊಂಡ ಮೇಲೆ, ಬ್ಯಾಟರಿ ತುಂಬಿಸಿ ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಹಾಕಿ. ಕೆಲವು ಕ್ಯಾಮೆರಾಗಳು ಅರ್ಧಕ್ಕೆ ನಿಂತದ್ದನ್ನು ಸರಿಪಡಿಸಲೇ ಎಂದು ತಾವೇ ಕೇಳುತ್ತವೆ. ಕೇಳದಿದ್ದರೆ ‘ಅನ್‌ಟ್ರಂಕ್’ ಎಂಬ ಮುಕ್ತ ತಂತ್ರಾಂಶವಿದೆ. ಅದಕ್ಕೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಇನ್ನೊಂದು ಫೈಲನ್ನು ಮಾದರಿಯಾಗಿ ಕೊಡಬೇಕು, ಅದನ್ನು ನೋಡಿಕೊಂಡು ಕೆಟ್ಟ ಫೈಲಿಗೆ ಹೊಸ ಪಟ್ಟಿ ಕಟ್ಟಿಕೊಡುತ್ತದೆ. ಪೂರ್ತಿ ಸಿಗುತ್ತದೆಂಬ ಭರವಸೆ ಕೊಡಲಾರೆ, ಆದರೆ ಪ್ರಯತ್ನಿಸದೆ ಅಳಿಸಬೇಡಿ.

ಪ್ರಶ್ನೆ: ನಮ್ಮ ಅಜ್ಜಿ ಹೇಳುವ ಹಸೆಹಾಡುಗಳನ್ನು ಚಿತ್ರೀಕರಿಸಿದ್ದೇವೆ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಪದಗಳು ತಿಳಿಯುವುದಿಲ್ಲವೆಂದು ಸಾಹಿತ್ಯವನ್ನು ಕನ್ನಡದಲ್ಲೇ ಸಬ್‌ಟೈಟಲ್ ಆಗಿ ಕೊಟ್ಟೆ. ಒಂದು ಟಿವಿಯಲ್ಲಿ ಬರೀ ಚೌಕಗಳು, ಇನ್ನೊಂದರಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. (ಸಾಗರ)

ಉತ್ತರ: ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಈ ಹಾಡುಗಳಲ್ಲಿ ಎಷ್ಟೋ ಹೇಳುವವರ ಬಾಯಲ್ಲಷ್ಟೇ ಉಳಿದಿವೆ. ಇಲ್ಲಿ ಮೂರು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ನೀವು ಸಾಹಿತ್ಯವನ್ನು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದರೆ ಅದು ನಿಜವಾಗಿ ಕನ್ನಡ ಅಕ್ಷರಗಳ ಸಂಕೇತವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ; ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿ, ಎಸ್‌ಆರ್‌ಟಿ ಫೈಲನ್ನು, ಅಂದರೆ ಸಬ್‌ಟೈಟಲಿನ ಪಠ್ಯವಿರುವ ಫೈಲನ್ನು, ಉಳಿಸುವಾಗ ಯುಟಿಎಫ್-8 ಆರಿಸಿ. ಚೌಕಗಳು ಕಾಣುತ್ತಿರುವ ಟಿವಿಯಲ್ಲಿ ಸಂಕೇತ ಸರಿಯಿದ್ದು ಕನ್ನಡದ ಫಾಂಟೇ ಇಲ್ಲದಿರಬಹುದು. ಒತ್ತಕ್ಷರ ಬಿಡಿಯಾಗಿ ಕಾಣುವ ಟಿವಿಯಲ್ಲಿ ಫಾಂಟು ಇದೆ, ಅಕ್ಷರಗಳನ್ನು ಕೂಡಿಸಿ ಬರೆಯುವ ಜಾಣ್ಮೆಯಿಲ್ಲ. ‘ಕೃಷ್ಣ’ ಎಂಬಲ್ಲಿ ಷಕಾರದ ಕೆಳಗೆ ಕೂರಬೇಕಾದ ಣಕಾರ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಈ ಕೊನೆಯ ಎರಡನ್ನು ನೀವು ಟಿವಿಯಲ್ಲಿ ಸರಿಪಡಿಸಲಾರಿರಿ.

ಉಳಿದಿರುವ ದಾರಿ ಅಕ್ಷರಗಳನ್ನು ಚಿತ್ರದಲ್ಲೇ ಅಚ್ಚೊತ್ತುವುದು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಎಸ್‌ಆರ್‌ಟಿ ಫೈಲನ್ನು ತೆರೆದು ‘ಅಡ್ವಾನ್ಸ್ಡ್ ಸಬ್‌ಸ್ಟೇಷನ್ ಆಲ್ಫಾ’ ಎಂಬ ಬಗೆಯಲ್ಲಿ ಉಳಿಸಿ. ಎಸ್‌ಆರ್‌ಟಿಯಲ್ಲಿ ಇಡಲಾಗದ ಫಾಂಟಿನ ಹೆಸರು, ಅಕ್ಷರದ ಗಾತ್ರ ಎಲ್ಲವನ್ನೂ ಇದರಲ್ಲಿ ಇಡಬಹುದು. ಫಾಂಟು ನೋಟೊ ಸಾನ್ಸ್ ಕನ್ನಡ ಇರಲಿ, ಅದು ಉಚಿತವಾಗಿ ಸಿಗುತ್ತದೆ, ಪರಿವರ್ತನೆ ಮಾಡುವ ಕಂಪ್ಯೂಟರಿನಲ್ಲಿ ಅದನ್ನು ಮೊದಲೇ ಅಳವಡಿಸಿಕೊಂಡಿರಬೇಕು. ಆಮೇಲೆ ಹ್ಯಾಂಡ್‌ಬ್ರೇಕಿನ ಸಬ್‌ಟೈಟಲ್ ಪುಟದಲ್ಲಿ ಆ ಫೈಲನ್ನು ಸೇರಿಸಿ ‘ಬರ್ನ್ ಇನ್’ ಎಂಬುದಕ್ಕೆ ಗುರುತು ಹಾಕಿ. ಸ್ತ್ರೀ, ಸೂರ್ಯ, ಕೃಷ್ಣ ಎಂಬಂತಹ ಪದಗಳು ಬರುವ ಒಂದು ನುಡಿಯನ್ನು ಆರಿಸಿಕೊಂಡು ಅಷ್ಟನ್ನೇ ಮೊದಲು ಪರಿವರ್ತಿಸಿ ಪರೀಕ್ಷಿಸಿ; ಆ ಮೂರು ಸರಿ ಬಂದರೆ ಉಳಿದವೂ ಸರಿ ಬರುತ್ತವೆ. ಟಿವಿಯ ಪಟ್ಟಿಯಲ್ಲೂ ಕನ್ನಡ ಚೌಕವಾಗುವುದಾದರೆ ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ.

ಅಚ್ಚೊತ್ತಿದ ಅಕ್ಷರಗಳನ್ನು ಮತ್ತೆ ತೆಗೆಯಲಾಗದು. ಆದ್ದರಿಂದ ಅಕ್ಷರವಿಲ್ಲದ ಮೂಲ ವಿಡಿಯೊ, ಬಿಡಿಯಾದ ಎಸ್‌ಆರ್‌ಟಿ ಫೈಲು, ಜೊತೆಗೆ ಹಾಡಿದವರ ಹೆಸರು, ಊರು, ದಿನಾಂಕ, ಹಾಡು ಯಾವ ಶಾಸ್ತ್ರದ ಹೊತ್ತಿನದು ಎಂಬಿಷ್ಟನ್ನು ಬರೆದ ಒಂದು ಸಾದಾ ಪಠ್ಯದ ಫೈಲು, ಇವೆಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಬೇರೆಯಾಗಿ ಇಡಿ. ಟಿವಿಗೆಂದು ಮಾಡುವ ನಕಲಿನಲ್ಲಿ ಹಾಡನ್ನಷ್ಟೇ ಉಳಿಸಿಕೊಂಡರೂ, ಮೂಲದಲ್ಲಿ ಅಜ್ಜಿ ನಡುವೆ ಸಾಲು ಮರೆತು ನಿಂತದ್ದನ್ನು, ಪಕ್ಕದಲ್ಲಿ ಕೂತವರು ನೆನಪಿಸಿದ್ದನ್ನು ಕತ್ತರಿಸದೆ ಬಿಡಿ.